ಮೊಂಡನ ನಡೆ

ಪರದೆಯ ಮೇಲೆ ಮೂಡಿದ ನಡೆಯನ್ನು ಓದಿದ ಸಂಶೋಧಕಿಯ ಕೈ ಚೆಸ್ ಬೋರ್ಡಿನ ಮೇಲೆ ಅರ್ಧದಲ್ಲೇ ನಿಂತಿತು. ಮೊಂಡ ಮತ್ತೊಂದು ಕಾಲಾಳನ್ನು ಸುಮ್ಮಸುಮ್ಮನೆ ಸಾಯಲು ಕಳಿಸುತ್ತಿದ್ದ. ಮೊಂಡ ಎಂದರೆ ಅವಳು ವರ್ಷಗಟ್ಟಲೆ ಕೂತು ಬರೆದ, ಚೆಸ್ ಆಡುವ ಪ್ರೋಗ್ರಾಮು. ಹೆಸರಿಟ್ಟವರು ಅವಳ ಸಂಶೋಧನೆಯ ಗೈಡು. ಇದು ಇಂಥ ಪ್ರೋಗ್ರಾಮುಗಳದೇ ಪಂದ್ಯಾವಳಿ, ಇದು ಕೊನೆಯ ಆಟ. ಯಂತ್ರ ಹೇಳಿದ ನಡೆಯನ್ನು ಅದರ ಕಡೆಯವರು ಬೋರ್ಡಿನ ಮೇಲೆ ಆಡಿ ತೋರಿಸಬೇಕು. ತಮ್ಮ ಬುದ್ಧಿ ಸೇರಿಸಕೂಡದು.

ಮೊಂಡನ ಕಾಯಿಲೆ ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ಮುಂದಿನ ನಡೆಗಳನ್ನು ಅವನು ಹುಡುಕುವುದು ಒಂದು ಗಡಿಯವರೆಗೆ ಮಾತ್ರ. ಗಡಿಯಾಚೆಗಿನದು ಅವನ ಪಾಲಿಗೆ ಇಲ್ಲವೇ ಇಲ್ಲ. ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ ಒಂಟೆ ಏನು ಮಾಡಿದರೂ ಉಳಿಯುವಂತಿರಲಿಲ್ಲ. ಆ ಸಾವು ಕಣ್ಣಿಗೆ ಬೀಳದಿರಲೆಂದು ಅವನು ಕಾಲಾಳುಗಳನ್ನು ಒಂದೊಂದಾಗಿ ಬಲಿಕೊಟ್ಟು ಅದನ್ನು ಗಡಿಯಾಚೆ ತಳ್ಳುತ್ತಿದ್ದ. ತಳ್ಳಿ, ಗಂಡಾಂತರ ಕಳೆಯಿತೆಂದು ನೆಮ್ಮದಿಯಾಗಿದ್ದ. ಒಂಟೆಯ ಆಸೆ ಬಿಟ್ಟು ಕುದುರೆ ನಡೆಸಿದ್ದರೆ ಆಟ ಡ್ರಾ ಆಗುತ್ತಿತ್ತು. ಲೀಗ್ ಅಂಕಗಳಲ್ಲಿ ಅವಳೇ ಮುಂದಿದ್ದುದರಿಂದ ಅಷ್ಟಾದರೂ ಸಾಕಿತ್ತು, ಮೊದಲ ಸ್ಥಾನ ಅವಳದೇ.

"ಕುದುರೆ," ಅಂದರು ಪಕ್ಕದಲ್ಲಿದ್ದ ಗೈಡು, ತುಟಿ ಅಲ್ಲಾಡದ ಹಾಗೆ.

"ಮೊಂಡ ಹೇಳ್ತಿಲ್ವಲ್ಲ ಸರ್."

"ಅವನ ತಲೆ! ಪರದೆ ನಮ್ಮ ಕಡೆಗಿದೆ. ತೀರ್ಪುಗಾರರು ಟೀ ಕುಡಿಯೋಕೆ ಹೋಗಿದಾರೆ. ಮೊದಲ ಸ್ಥಾನ ಬರದಿದ್ರೆ ನಮ್ಮ ಲ್ಯಾಬು ಪಕ್ಕದ ವಿಭಾಗದವರ ಪಾಲು, ಮರೆತುಬಿಟ್ಯಾ?"

ಅವಳು ಮರೆತಿರಲಿಲ್ಲ. ಲ್ಯಾಬ್ ಅಂದರೆ ಕಿಟಕಿ ಸರಿಯಾಗಿ ಮುಚ್ಚದ, ಕುರ್ಚಿಯ ಬೆನ್ನಿಗೆ ತಂತಿ ಸುತ್ತಿದ ಒಂದು ಕೋಣೆ. ಆದರೂ ಮೊಂಡ ಹುಟ್ಟಿದ್ದು ಅಲ್ಲೇ. ಅವಳು ಮರೆಯದ ಸಂಗತಿ ಇನ್ನೂ ಒಂದಿತ್ತು. ಹಿಂದಿನ ದಿನ ಲೀಗ್ ಆಟದಲ್ಲಿ ಮೊಂಡ, ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ತನ್ನ ಮಂತ್ರಿಯನ್ನೇ ಬಿಟ್ಟುಕೊಟ್ಟು, ಈಗ ಎದುರು ಕೂತಿರುವ ಕೋಟಿನ ಪ್ರೊಫೆಸರ ಪ್ರೋಗ್ರಾಮಿಗೆ ಮಣ್ಣು ಮುಕ್ಕಿಸಿದ್ದ. ಸಂಜೆ ಕಾರಿಡಾರಿನಲ್ಲಿ ಆ ಪ್ರೊಫೆಸರು, ಅವಳ ಕಿವಿಗೂ ಬೀಳಲಿ ಎಂಬಂತೆ, ಸುತ್ತಲಿನವರಿಗೆ ಹೇಳಿದ್ದರು: "ಯಂತ್ರ ಬರೀ ನೆಪ ಕಣ್ರೀ. ಹುಡುಗಿ ಕಾಲೇಜ್ ಚಾಂಪಿಯನ್ನು. ಆಡ್ತಿರೋದೆಲ್ಲ ಅವಳೇ."

ಸುತ್ತಲಿದ್ದವರೆಲ್ಲ ತಲೆಯಾಡಿಸಿದ್ದರು. ಅವಳಿಗೆ ಆ ರಾತ್ರಿಯ ಊಟ ಸೇರಿರಲಿಲ್ಲ. ನಿನ್ನ ಮಗು ನಿನ್ನದಲ್ಲ ಅನ್ನುವವರ ಬಾಯಿ ಮುಚ್ಚಿಸಬಹುದು. ನಿನ್ನ ಮಗು ಹುಟ್ಟೇ ಇಲ್ಲ ಅನ್ನುವವರಿಗೆ ಏನು ಹೇಳುವುದು?

"ಆಡಮ್ಮ, ಗಡಿಯಾರ ಓಡ್ತಿದೆ," ಕೋಟಿನ ಪ್ರೊಫೆಸರು ನಕ್ಕರು. "ಯಾಕೆ, ಯಂತ್ರ ಹೇಳಿದ್ದು ಹಿಡಿಸಲಿಲ್ವಾ?"

ಅವಳು ಕಾಲಾಳನ್ನು ಎತ್ತಿ ಸಾಯುವ ಮನೆಯಲ್ಲಿಟ್ಟಳು. ಗೈಡು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

ಆಮೇಲಿನದು ನೋಡುವಂತಿರಲಿಲ್ಲ. ಕಾಲಾಳುಗಳು ಮುಗಿದವು, ಒಂಟೆಯೂ ಹೋಯಿತು, ರಾಜ ಬಯಲಿಗೆ ಬಿದ್ದ. ಮೊಂಡ ಹೇಳಿದ ಒಂದೊಂದು ನಡೆಯನ್ನೂ ಅವಳು ಮುಖ ಕಿವುಚದೆ, ಬೆನ್ನು ನೆಟ್ಟಗಿಟ್ಟುಕೊಂಡು ಆಡಿದಳು. ತೀರ್ಪುಗಾರರು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

"ನಿನ್ನ ಕೈಯಲ್ಲೇ ಇತ್ತಲ್ಲಮ್ಮ!" ಅಂದರು ಗೈಡು, ಕನ್ನಡಕ ಮತ್ತೆ ಏರಿಸಿಕೊಳ್ಳುತ್ತ.

"ನಾನೇ ಆಡೋದಾಗಿದ್ರೆ ಇವನನ್ನ ಯಾಕೆ ಹೊತ್ಕೊಂಡು ಬರ್ತಿದ್ದೆ ಸರ್?"

ಗೆದ್ದ ಪ್ರೊಫೆಸರು ಎದ್ದಿರಲಿಲ್ಲ. ಬೋರ್ಡನ್ನೇ ನೋಡುತ್ತ, ತಿಂದ ಕಾಲಾಳೊಂದನ್ನು ಬೆರಳುಗಳ ನಡುವೆ ಹೊರಳಿಸುತ್ತಿದ್ದರು.

"ಆಗ ಕುದುರೆ ಇತ್ತಲ್ಲ. ನಿನಗೆ ಕಾಣಲಿಲ್ವಾ?"

"ಕಾಣ್ತು."

"ಮತ್ತೆ ಇದನ್ನ ಆಡ್ದೆ!" ಅವರ ದನಿಯಲ್ಲಿ ನಗು ಉಳಿದಿರಲಿಲ್ಲ. "ಇಂಥ ಪೆದ್ದು ನಡೆ ನಿನ್ನಂಥವಳಿಗೆ ಹೊಳೆಯೋದಕ್ಕೇ ಸಾಧ್ಯ ಇಲ್ಲ."

"ಇಲ್ಲ ಸರ್, ನನಗೆ ಹೊಳೆಯಲ್ಲ." ಅವಳು ಕಂಪ್ಯೂಟರನ್ನು ಮುಚ್ಚಿ ಎದೆಗವಚಿಕೊಂಡು ಎದ್ದಳು. "ನಿನ್ನೆ ಮಂತ್ರಿ ಕೊಟ್ಟಿದ್ದೂ ನನಗೆ ಹೊಳೆದಿರ್ಲಿಲ್ಲ."