ಹನ್ನೊಂದು ಹಾಸಿಗೆ

ವೈದ್ಯೆ ಕೋರ್ಟಿನಿಂದ ಬಂದ ನಮೂನೆಯನ್ನು ಮುಂದಕ್ಕೆಳೆದುಕೊಂಡು, ಎದುರಿಗೆ ಕೂತಿದ್ದ ಸನ್ಯಾಸಿನಿಗೆ ಮೂರು ಪದ ಹೇಳಿದಳು: ನಿಂಬೆಹಣ್ಣು, ಬೀಗ, ಕುದುರೆ. ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೇನೆ, ನೆನಪಿರಲಿ ಎಂದಳು. ಆಶ್ರಮದವರೆಲ್ಲ ದೊಡ್ಡಮ್ಮ ಎನ್ನುವ ಆ ಎಪ್ಪತ್ತೊಂಬತ್ತರ ಸನ್ಯಾಸಿನಿ ಪರೀಕ್ಷೆಗೆ ಕೂತ ಹುಡುಗಿಯಂತೆ ಬೆನ್ನು ನೆಟ್ಟಗೆ ಮಾಡಿಕೊಂಡರು. ಅವರನ್ನು ಜೈಲಿನಿಂದ ಕರೆತಂದಿದ್ದ ಮಹಿಳಾ ಪೇದೆ ಬಾಗಿಲ ಹೊರಗೆ ನಿಂತಿದ್ದಳು. ಕಿಟಕಿಯ ಪಕ್ಕ ಕರಿಕೋಟಿನ ಸೋದರಳಿಯ; ದೊಡ್ಡಮ್ಮನ ತಮ್ಮನ ಮಗ, ಅವರ ವಕೀಲನೂ ಅವನೇ.

ಕೇಸು ಊರಿಗೆಲ್ಲ ಗೊತ್ತಿದ್ದದ್ದೇ. ತಿಂಗಳ ಹಿಂದೆ ಅಣುಬಾಂಬುಗಳ ಉಗ್ರಾಣದ ತಂತಿಬೇಲಿ ಕತ್ತರಿಸಿ ಮೂವರು ಒಳನುಗ್ಗಿದ್ದರು: ದೊಡ್ಡಮ್ಮ, ಒಬ್ಬರು ಪಾದ್ರಿ, ಒಬ್ಬ ನಿವೃತ್ತ ಬಸ್ ಚಾಲಕ. ಮೂವರ ವಯಸ್ಸು ಕೂಡಿಸಿದರೆ ಇನ್ನೂರ ಮೂವತ್ತು ದಾಟುತ್ತಿತ್ತು. ಹಾಡುಹಗಲಲ್ಲಿ ಉಗ್ರಾಣದ ಬಾಗಿಲಿಗೆ ಅಡ್ಡ ಕೂತು, ಅವರವರ ಪ್ರಾರ್ಥನೆ ಅವರವರು ಮುಗಿಸಿ, ನಲವತ್ತು ನಿಮಿಷ ಕಾದರೂ ಕಾವಲಿನವರ ಸುಳಿವಿಲ್ಲ. ಕೊನೆಗೆ ತಾನೇ ಹೋಗಿ ಕರೆದುಕೊಂಡು ಬರಬೇಕಾಯಿತು ಎಂದು ಚಾಲಕ ಹೇಳಿಕೆ ಕೊಟ್ಟಿದ್ದ.

ನಿನ್ನೆ ಸಂಜೆ ವಕೀಲ ಒಬ್ಬನೇ ಬಂದು ವೈದ್ಯೆಯ ಹತ್ತಿರ ಕೂತಿದ್ದ. ಅತ್ತೆಯ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಒಂದೇ ಒಂದು ಸಾಲು ಬರೆದರೆ ಕೇಸಿನಿಂದ ಅವರ ಹೆಸರು ಬಿಟ್ಟುಹೋಗುತ್ತದೆ. ಇಲ್ಲವಾದರೆ ಕಡಿಮೆಯೆಂದರೂ ಮೂರು ವರ್ಷ, ಜೈಲಿನ ಸಿಮೆಂಟು ನೆಲದ ಮೇಲೆ ಅವರು ಒಂದು ಚಳಿಗಾಲವನ್ನೂ ದಾಟಲಾರರು ಎಂದಿದ್ದ. ತಾಯಿಯಿಲ್ಲದ ತನ್ನನ್ನು ಓದಿಸಿ ಮನುಷ್ಯನನ್ನಾಗಿ ಮಾಡಿದವರು ಅವರೇ ಎಂದೂ ಹೇಳಿದ್ದ. ಒಂದು ಸಾಲು ತಾನೇ ಎಂದು ವೈದ್ಯೆ ಮುಕ್ಕಾಲು ಮನಸ್ಸು ಮಾಡಿಕೊಂಡೇ ಬಂದಿದ್ದಳು.

ದೊಡ್ಡಮ್ಮ ಮಾತ್ರ ಒಂದೂ ಪ್ರಶ್ನೆ ಬಿಟ್ಟುಕೊಡುವ ಹಾಗೆ ಕಾಣಲಿಲ್ಲ. ತಾರೀಖು, ವಾರ ಸರಿಯಾಗಿ ಹೇಳಿದರು. ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರೆ, ಎಪ್ಪತ್ತೊಂಬತ್ತಕ್ಕೆ ಬಂದಾಗ ತಮ್ಮ ವಯಸ್ಸು ಸಿಕ್ಕಿತೆಂದು ನಕ್ಕು, ಎರಡಕ್ಕೆ ಇಳಿಯುವ ತನಕ ನಿಲ್ಲಿಸಲಿಲ್ಲ. ನೀವು ಮಾಡಿದ್ದೇನು ಗೊತ್ತೇ ಎಂದು ಕೇಳಿದಾಗ, ಪೊಲೀಸರ ದೂರಿನಲ್ಲಿ ಒಂದು ತಪ್ಪಿದೆ ಎಂದರು. ಕತ್ತರಿಸಿದ ಬೇಲಿ ಒಂದು ಗಜವಲ್ಲ, ಎರಡು. ಪಾದ್ರಿಗಳು ಸ್ವಲ್ಪ ದಪ್ಪ.

ಆಮೇಲೆ ವೈದ್ಯೆ ಆ ಮೂರು ಪದಗಳನ್ನು ಕೇಳಿದಳು.

ನಿಂಬೆಹಣ್ಣು ಎಂದರು ದೊಡ್ಡಮ್ಮ. ಕುದುರೆ ಎಂದರು. ಮುಂದಿನದು ಬರಲಿಲ್ಲ. ಕಣ್ಣು ಮುಚ್ಚಿ ಹುಡುಕಿದರು, ತುಟಿ ಅಲುಗಿತು, ಸಿಗಲಿಲ್ಲ. ಕಿಟಕಿಯ ಬಳಿ ಸೋದರಳಿಯನ ಮುಖದಲ್ಲಿ ಆಸೆ ಚಿಗುರಿದ್ದು ವೈದ್ಯೆಗೆ ಕಂಡಿತು. ಈಗ ಸುಳ್ಳನ್ನೂ ಬರೆಯಬೇಕಿಲ್ಲ. ಅವಳು ಪೆನ್ನಿನ ಮುಚ್ಚಳ ತೆಗೆದಳು.

“ಬಿಡಿ ಅಮ್ಮ, ಈ ವಯಸ್ಸಿಗೆ ಮರೆವು ಸಹಜ.”

“ಸಹಜ ಅಂತ ನಂಗೂ ಗೊತ್ತು ಕಣಮ್ಮ. ಒಂದು ವರ್ಷದಿಂದ ಶುರುವಾಗಿದೆ. ಒಲೆ ಮೇಲೆ ಹಾಲಿಟ್ಟು ಮರೀತೀನಿ. ಅದಕ್ಕೇ ನಂಗೆ ಇಷ್ಟು ಅವಸರ.”

ಅವಸರ ಯಾವುದಕ್ಕೆ ಎಂಬುದನ್ನೂ ಅವರೇ ಹೇಳಿದರು. ಕಾವಿ ಉಡುವ ಮೊದಲು, ಇಪ್ಪತ್ತೆರಡರ ಹರೆಯದಲ್ಲಿ ಅವರು ಮರುಭೂಮಿಯ ಅಂಚಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನರ್ಸು. ಆ ವರ್ಷ ಸರ್ಕಾರದವರು ಮರಳಿನಲ್ಲಿ ಅಣುಬಾಂಬು ಸಿಡಿಸಿ ನೋಡಿದರು. ಗಾಳಿ ದಿಕ್ಕು ಬದಲಿಸಿ ಹಟ್ಟಿಯೊಂದರ ಮೇಲೆ ಬೂದಿ ಸುರಿಯಿತು. ವಾರ್ಡಿನಲ್ಲಿ ಹನ್ನೊಂದು ಹಾಸಿಗೆ, ಹನ್ನೊಂದೂ ತುಂಬಿದವು. ಇಪ್ಪತ್ತು ದಿನದಲ್ಲಿ ಹನ್ನೊಂದೂ ಖಾಲಿಯಾದವು. ಅಂಥವರು ಯಾರೂ ಬಂದೇ ಇರಲಿಲ್ಲ ಎನ್ನುತ್ತದೆ ಸರ್ಕಾರದ ಕಾಗದ. ಆಗ ಜೊತೆಗಿದ್ದ ಡಾಕ್ಟರು, ನರ್ಸುಗಳು ಈಗ ಯಾರೂ ಉಳಿದಿಲ್ಲ.

“ಎಷ್ಟು ಕಚೇರಿ ಹತ್ತಿ ಇಳಿದೆ ಅಂತೀಯ. ಯಾರೂ ಬರೆದುಕೊಳ್ಳಲಿಲ್ಲ. ಆದ್ರೆ ಆರೋಪಿ ಕಟಕಟೇಲಿ ನಿಂತು ಪ್ರಮಾಣ ಮಾಡಿ ಹೇಳಿದ್ರೆ ಕೋರ್ಟು ಬರೆದುಕೊಳ್ಳಲೇಬೇಕು. ಬೇಲಿ ಕತ್ತರಿಸಿದ್ದು ಅದಕ್ಕೂ ಸೇರಿ.” ದೊಡ್ಡಮ್ಮ ಹಣೆಯನ್ನು ಬೆರಳಿನಿಂದ ಮುಟ್ಟಿಕೊಂಡರು. “ನಂಗೆ ತಲೆ ಕೆಟ್ಟಿದೆ ಅಂತ ನೀನು ಬರೆದ್ರೆ ನಾನೇನೋ ಆಶ್ರಮಕ್ಕೆ ಹೋಗ್ತೀನಿ. ಆ ಹನ್ನೊಂದು ಜನ ಎಲ್ಲಿಗೆ ಹೋಗ್ತಾರೆ?”

ಸೋದರಳಿಯ ಕಿಟಕಿ ಬಿಟ್ಟು ಹತ್ತಿರ ಬಂದ. “ಅತ್ತೆ, ಇದನ್ನ ನಂಗ್ಯಾಕೆ ಹೇಳಲಿಲ್ಲ?”

“ನೀನು ಬಂದಾಗಲೆಲ್ಲ ಜಾಮೀನಿನ ಮಾತೇ ಆಡಿದೆ ಕಣೋ.”

ವೈದ್ಯೆ ನಮೂನೆಯನ್ನು ಮತ್ತೆ ಹತ್ತಿರಕ್ಕೆಳೆದುಕೊಂಡಳು. ಸಿಮೆಂಟು ನೆಲ, ಚಳಿಗಾಲ ಎಲ್ಲ ಕಣ್ಣ ಮುಂದೆ ಬಂದು ಹೋಯಿತು. ಆಮೇಲೆ ಬರೆದಳು: ಮರೆವು ಶುರುವಾಗಿದೆ. ತಾವು ಮಾಡಿದ್ದೇನು, ಯಾಕೆ ಮಾಡಿದ್ದು ಎಂಬುದು ಇವರಿಗೆ ಪೂರ್ತಿ ತಿಳಿದಿದೆ. ಕೋರ್ಟಿನಲ್ಲಿ ಹೇಳಿಕೆ ಕೊಡಲು ಶಕ್ತರು. ವಿಚಾರಣೆ ತಡವಾಗಬಾರದು. ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು, ಸಾಲದೆನಿಸಿ ಇನ್ನೊಂದು ಎಳೆದಳು. ವಕೀಲ ಅದನ್ನು ಓದಿದ. ಮಡಚಿ ಕೋಟಿನ ಒಳಜೇಬಿಗೆ ಸೇರಿಸಿ, ಅತ್ತೆಯ ಕೈ ಹಿಡಿದು ಎಬ್ಬಿಸಿದ.

ಅರ್ಧ ಗಂಟೆಯ ಮೇಲೆ ವೈದ್ಯೆ ಬಾಗಿಲು ತೆರೆದಾಗ ಅವರಿನ್ನೂ ಹೋಗಿರಲಿಲ್ಲ. ಮೊಗಸಾಲೆಯ ಬೆಂಚಿನ ಮೇಲೆ ಸೋದರಳಿಯ ತೊಡೆಯ ಮೇಲೆ ಫೈಲಿಟ್ಟುಕೊಂಡು ತಲೆಯೆತ್ತದೆ ಬರೆಯುತ್ತಿದ್ದ. ವ್ಯಾನಿಗೆ ಹೊತ್ತಾಗಿದ್ದರೂ ಪೇದೆ ಅವಸರಿಸದೆ, ಟೋಪಿ ತೆಗೆದು ಕಂಕುಳಲ್ಲಿ ಹಿಡಿದು ಗೋಡೆಗೊರಗಿ ಕೇಳುತ್ತಿದ್ದಳು.

“ಏಳನೇ ಹಾಸಿಗೆ, ಬರ್ಕೋ,” ಎನ್ನುತ್ತಿದ್ದರು ದೊಡ್ಡಮ್ಮ. “ಬಾಣಂತಿ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ.”