ಉಪಪ್ರಶ್ನೆ

“ಒಂದೇ ಪ್ರಶ್ನೆ! ಉಪಪ್ರಶ್ನೆ ಇಲ್ಲ!” ಅಧ್ಯಕ್ಷರ ಕುರ್ಚಿಯಲ್ಲಿದ್ದ ಪ್ರೊಫೆಸರ್ ವಿಲೆಮ್ ಗಂಟೆ ಬಾರಿಸಿದರು. ಡಚ್ ನಗರ ನೈಮೆಗನ್‌ನ ವಿಶ್ವವಿದ್ಯಾಲಯದ ತರಗತಿಯಲ್ಲಿ ಬ್ರಿಟಿಷರ ಕಾಲದ, 1890ರ ದಶಕದ ಮದ್ರಾಸ್ ಶಾಸನಸಭೆಯ ಅಣಕು ಕಲಾಪ ನಡೆದಿತ್ತು. ಉಪ್ಪಿನ ತೆರಿಗೆ ಯಾಕೆಂದು ಕೇಳಿದ್ದ ಭಾರತೀಯ ಸದಸ್ಯರ ಪಾತ್ರದಲ್ಲಿದ್ದ ಮಂಗಳೂರಿನ ವಿದ್ಯಾರ್ಥಿನಿ ನಿಶ್ಮಿತಾ ನಿಯಮದಂತೆ ತೆಪ್ಪಗೆ ಕುಳಿತಳು.

ಕಲಾಪ ಮುಗಿಯಿತು. ವಿಲೆಮ್ ಕುರ್ಚಿ ಬಿಟ್ಟೆದ್ದರು. “ಏನೇ ಹೇಳಿ, ಭಾರತಕ್ಕೆ ಪ್ರಜಾಪ್ರಭುತ್ವ ಕಲಿಸಿದ್ದು ಇಂಥ ಸಭೆಗಳೇ. ಈಗ ಎಲ್ಲರೂ ಮುಕ್ತವಾಗಿ ಮಾತಾಡಿ.”

ನಿಶ್ಮಿತಾಳಿಗೆ ಮೈ ಉರಿದುಹೋಯಿತು. “ನಮ್ಮವರಿಗೆ ಬಜೆಟ್ ಮೇಲೆ ಓಟು ಹಾಕ್ಲಿಕ್ಕೇ ಬಿಡದೆ ಎಂಥ ಪ್ರಜಾಪ್ರಭುತ್ವ ಕಲಿಸಿದ್ದು?”

“ಒಳ್ಳೆಯ ಪ್ರಶ್ನೆ. ಮುಂದಿನವರು?”

“ನೀವು ಉತ್ತರವೇ ಹೇಳ್ಲಿಲ್ಲ—”

ವಿಲೆಮ್ ಅವರ ಕೈ ತಾನಾಗಿ ಮೇಜಿನ ಗಂಟೆ ಬಾರಿಸಿತು. ತರಗತಿ ಗೊಳ್ಳೆಂದು ನಕ್ಕಿತು. ನಿಶ್ಮಿತಾ ಈ ಸಲ ಕೂರಲಿಲ್ಲ.

“ಮಾನ್ಯ ಅಧ್ಯಕ್ಷರೇ, ಆಟ ಇನ್ನೂ ಮುಗಿಲಿಲ್ವಾ?”