ಎತ್ತದೆ ತಿಳಿದದ್ದು

ನೀರು ಕುಡಿದು ಮುಗಿಸಿದ ಗಗನಯಾತ್ರಿ ಗಾಜಿನ ಲೋಟವನ್ನು ಗಾಳಿಯಲ್ಲೇ ಬಿಟ್ಟಳು. ಅದು ಮಗಳ ಕಾಲ ಬಳಿ ಬಿದ್ದು ಚೂರುಚೂರಾಯಿತು. ಮಗು ಕಿರುಚಿತು. ಅಜ್ಜಿ ಓಡಿ ಬಂದು ಮಗುವನ್ನು ಬಾಚಿ ಎತ್ತಿಕೊಂಡರು. ಪುಣ್ಯಕ್ಕೆ ಗಾಯವಾಗಿರಲಿಲ್ಲ.

"ಅಯ್ಯೋ, ಮರ್ತೇಬಿಟ್ಟೆ!" ಎಂದಳು ಅವಳು. ತಿಂಗಳುಗಟ್ಟಲೆ ಬಾಹ್ಯಾಕಾಶ ನಿಲ್ದಾಣದಲ್ಲಿದ್ದು ಮೊನ್ನೆಯಷ್ಟೇ ಭೂಮಿಗೆ ಇಳಿದು, ತಪಾಸಣೆಗೆಂದು ಆಸ್ಪತ್ರೆಯಲ್ಲಿದ್ದಳು. ಅಲ್ಲಿ ಚಮಚ, ಪೆನ್ನು, ಏನನ್ನೇ ಬಿಟ್ಟರೂ ಬಿಟ್ಟ ಜಾಗದಲ್ಲೇ ತೇಲುತ್ತಿತ್ತು. ತಲೆ ನೆಲಕ್ಕೆ ಇಳಿದಿತ್ತು, ಕೈಯ ರೂಢಿ ಇನ್ನೂ ಮೇಲೆಯೇ ಇತ್ತು.

ಚೂರುಗಳನ್ನು ಗುಡಿಸಿದ್ದಾಯಿತು. ಆಸ್ಪತ್ರೆಯ ಮಂಚದ ಅಂಚಿನಲ್ಲಿ ಕೂತು ಅವಳು ಎರಡೂ ಕೈ ಚಾಚಿದಳು. "ಈಗ ಕೊಡಮ್ಮ ಪುಟ್ಟಿನ."

ಅಜ್ಜಿ ಮೊಮ್ಮಗಳನ್ನು ಇನ್ನಷ್ಟು ಅವುಚಿಕೊಂಡರು. "ಬೇಡ ಕಣೇ. ಸ್ವಲ್ಪ ದಿನ ಹೋಗ್ಲಿ."

"ಅಲ್ಲಿ ಬೀರುವಿನಷ್ಟು ದೊಡ್ಡ ಯಂತ್ರಾನ ಒಂದೇ ಬೆರಳಲ್ಲಿ ಮೆಲ್ಲಗೆ ಸಾಗಿಸ್ತಿದ್ದೆ. ನನ್ನ ಮಗಳನ್ನ ಹಿಡ್ಕೊಳ್ಳೋಕೆ ಬರಲ್ವಾ ನಂಗೆ?"

"ಅದಕ್ಕೇ ನಂಗೆ ಭಯ."

ಮಾತು ನಾಟಿತು. ಅವಳು ಕೈಗಳನ್ನು ಹಿಂದಕ್ಕೆಳೆದುಕೊಂಡಳು. ಅಷ್ಟು ತಿಂಗಳೂ ಅವಳು ಕಾದದ್ದು ಒಂದಕ್ಕೇ: ಮಗಳನ್ನು ಎತ್ತಿಕೊಂಡಾಗ ಆ ಭಾರ ತೋಳಿನ ಮೇಲೆ ಬೀಳುವ ಗಳಿಗೆಗೆ. ಈಗ ತನ್ನ ಕೈಯನ್ನು ತಾನೇ ನಂಬುವಂತಿರಲಿಲ್ಲ. ಕಣ್ಣಲ್ಲಿ ನೀರಾಡಿತು.

ಅಜ್ಜಿಗೆ ಕರುಳು ಚುರುಕ್ಕೆಂದಿತು. ಮಾತು ಬೇರೆ ಕಡೆ ತಿರುಗಿಸಲೆಂದು ಕೇಳಿದರು. "ಅಲ್ಲಿ ಯಾವುದಕ್ಕೂ ಭಾರಾನೇ ಇಲ್ಲ ಅಂತೀಯ. ಮತ್ತೆ ನಿಮ್ಮನ್ನ ಹೇಗೆ ತೂಕ ಮಾಡ್ತಿದ್ರು?"

"ತೂಕ ಇರಲ್ಲ ಅಷ್ಟೇ. ಮೈ ಎಲ್ಲಿಗೆ ಹೋಗತ್ತೆ? ಅದೇ ಯಂತ್ರ ಒಂದ್ಸಲ ಜೋರಾಗಿ ಹೊರಟು, ಜೊತೆಗಿದ್ದೋನ ಬೆರಳನ್ನ ಗೋಡೆಗೆ ಒತ್ತಿ ಜಜ್ಜಿಹಾಕ್ತು. ಎಷ್ಟು ಹಗುರ ಅನ್ನಿಸಿದ್ರೂ ಓಡ್ತಿರೋದನ್ನ ನಿಲ್ಲಿಸೋದು ಇಲ್ಲಿನಷ್ಟೇ ಕಷ್ಟ. ನಮ್ಮನ್ನ ಸ್ಪ್ರಿಂಗ್ ಸೀಟಿನ ಮೇಲೆ ಕೂರಿಸಿ ಅಲ್ಲಾಡಿಸ್ತಿದ್ರು. ದಪ್ಪ ಆದಷ್ಟೂ ಸೀಟು ನಿಧಾನವಾಗಿ ಆಡತ್ತೆ, ಅದ್ರಿಂದ್ಲೇ ಲೆಕ್ಕ ಸಿಗತ್ತೆ."

"ಅಂದ್ರೆ ಎತ್ತದೇನೇ ಗೊತ್ತಾಗತ್ತೆ ಅನ್ನು."

"ತಳ್ಳಿ, ತಡೆದು ನೋಡಿದ್ರೆ ಗೊತ್ತಾಗತ್ತೆ."

ಅಜ್ಜಿ ಮೊಮ್ಮಗಳನ್ನು ಕೆಳಗಿಳಿಸಿದರು. ಆಮೇಲೆ ತಮ್ಮ ಮಗಳ ಓಡಾಟಕ್ಕೆಂದು ಆಸ್ಪತ್ರೆಯವರು ಕೊಟ್ಟಿದ್ದ ಗಾಲಿಕುರ್ಚಿಯನ್ನು ಮೂಲೆಯಿಂದ ಎಳೆದು ಖಾಲಿಯಾಗಿಯೇ ಅವಳತ್ತ ತಳ್ಳಿದರು. ಅವಳು ಬೆರಗಾಗಿ ಅದನ್ನು ತಡೆದಳು, ವಾಪಸು ಕಳಿಸಿದಳು. ಈ ಸಲ ಅಜ್ಜಿ ಪುಟ್ಟಿಯನ್ನು ಕೂರಿಸಿ, ಪಟ್ಟಿ ಬಿಗಿದು, ಮೆಲ್ಲಗೆ ತಳ್ಳಿದರು.

ಕುರ್ಚಿ ಬಂದು ಅವಳ ಅಂಗೈಗಳಿಗೆ ಒತ್ತಿತು. ಮಣಿಕಟ್ಟು ಹಿಂದಕ್ಕೆ ಬಾಗಿತು. ತಾನು ಬಾಹ್ಯಾಕಾಶಕ್ಕೆ ಹೊರಟಾಗ ಅಂಬೆಗಾಲಿಡುತ್ತಿದ್ದ ಆ ಕೂಸು ಇದಲ್ಲ. ಅವಳಿಗೆ ಹಿಗ್ಗಾಯಿತು, ಹಿಂದೆಯೇ ಸಂಕಟವೂ ಆಯಿತು.

"ಮತ್ತೆ!" ಎಂದು ಮಗು ಕೇಕೆ ಹಾಕಿತು. ಕುರ್ಚಿ ಅಜ್ಜಿಯ ಹತ್ತಿರ ಹೋಗಿ ತಿರುಗಿ ಬಂತು. ಅವಳು ಕಣ್ಣು ಮುಚ್ಚಿಕೊಂಡು ತಡೆದಳು.

"ಎಷ್ಟು ಬೆಳೆದಿದ್ದಾಳೆ, ಗೊತ್ತಾಯ್ತಾ?" ಅಜ್ಜಿ ಕೇಳಿದರು.

"ನಾನು ನೋಡದೇ ಹೋದ ದಿನಗಳೆಲ್ಲ ಸೇರಿ ಎಷ್ಟಾಗತ್ತೋ, ಅಷ್ಟು."